ಇಥಿಯೋಪಿಯಾದವರ ಲೆಕ್ಕವೇ ಬೇರೆ

2007ರ ಸೆಪ್ಟೆಂಬರ್ 12. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಎಲ್ಲೆಲ್ಲೂ ಹಾಡು, ಕುಣಿತ. ಊರಿನ ವಿಮಾನ ನಿಲ್ದಾಣದ ಹತ್ತಿರ ಇದಕ್ಕಂತಲೇ ದೊಡ್ಡದೊಂದು ಸಭಾಂಗಣ ಕಟ್ಟಿದ್ದರು. ಅದರ ಹೆಸರು ಮಿಲೇನಿಯಂ ಹಾಲ್. ಅಮೆರಿಕದಿಂದ ಬ್ಲ್ಯಾಕ್ ಐಡ್ ಪೀಸ್ ತಂಡ ಬಂದು ಹಾಡಿತು. ಇಷ್ಟೆಲ್ಲ ಸಡಗರ ಯಾಕೆ ಅಂದರೆ, ಅಲ್ಲಿ ಅವತ್ತು 2000ನೇ ಇಸವಿ ಶುರುವಾಯಿತು.

ಇದನ್ನು ಇಟ್ಟುಕೊಂಡು 'ಇಥಿಯೋಪಿಯಾ ಜಗತ್ತಿಗಿಂತ ಏಳು ವರ್ಷ ಹಿಂದಿದೆ' ಅನ್ನೋ ಸಂದೇಶಗಳು ಫೋನಿನಿಂದ ಫೋನಿಗೆ ಓಡಾಡುತ್ತಲೇ ಇರುತ್ತವೆ. ಕೆಳಗೊಂದು ನಗುವ ಮುಖ ಬೇರೆ. ಆದರೆ ಅವರೇನೂ ಹಿಂದೆ ಬಿದ್ದಿಲ್ಲ. ಎಣಿಸೋಕೆ ಶುರು ಮಾಡಿದ ಜಾಗ ಬೇರೆ, ಅಷ್ಟೇ. ಗಂಟೆ ಎಣಿಸೋದೂ ಹಾಗೇ, ಹೆಸರು ಬರೆಯೋದೂ ಹಾಗೇ. ಒಂದೊಂದಾಗಿ ಬಿಡಿಸಿ ನೋಡಿದರೆ ಇವುಗಳಲ್ಲಿ ಕೆಲವು ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಸಲೀಸು.

ಮೊದಲು ತಿಂಗಳಿಂದ ಶುರು ಮಾಡೋಣ. ಅಲ್ಲಿ ವರ್ಷಕ್ಕೆ 13 ತಿಂಗಳು. ಮೊದಲ 12 ತಿಂಗಳಿಗೂ ಸರಿಯಾಗಿ 30 ದಿನ. ಬೆರಳಿನ ಗೆಣ್ಣು ಮುಟ್ಟಿ 'ಇದಕ್ಕೆ 31, ಇದಕ್ಕೆ 30' ಅಂತ ಲೆಕ್ಕ ಹಾಕೋ ಗೋಳಿಲ್ಲ. ಹನ್ನೆರಡು ಮೂವತ್ತಲಿ ಮುನ್ನೂರ ಅರವತ್ತು. ಇನ್ನೂ ಐದು ದಿನ ಉಳಿಯಿತಲ್ವಾ? ಆ ಐದನ್ನೇ ಕೊನೆಯಲ್ಲಿ ಒಂದು ಪುಟ್ಟ ತಿಂಗಳು ಮಾಡಿ ಇಟ್ಟಿದ್ದಾರೆ. ಅದರ ಹೆಸರು ಪಗುಮೆ. 'ಮೇಲೆ ಸೇರಿಸಿದ ದಿನಗಳು' ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು. ನಾಲ್ಕು ವರ್ಷಕ್ಕೊಮ್ಮೆ ಪಗುಮೆಗೆ ಆರು ದಿನ. ಈ ಪದ್ಧತಿಯ ಬೇರು ಪ್ರಾಚೀನ ಈಜಿಪ್ಟಿನದು. ಅಲ್ಲಿನ ಕಾಪ್ಟಿಕ್ ಚರ್ಚ್ ಇವತ್ತಿಗೂ ಇದೇ ಲೆಕ್ಕ ಇಟ್ಟುಕೊಂಡಿದೆ.

ಒಂದು ಕಾಲದಲ್ಲಿ ಆ ದೇಶದ ಪ್ರವಾಸೋದ್ಯಮದ ಘೋಷಣೆಯೇ 'ಹದಿಮೂರು ತಿಂಗಳ ಬಿಸಿಲು' ಎಂದಿತ್ತು. ಚೆನ್ನಾಗಿದೆ, ಆದರೆ ಪೂರ್ತಿ ನಿಜ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿನ ಎತ್ತರದ ಪ್ರದೇಶದಲ್ಲಿ ಜೋರು ಮಳೆ. ಪಗುಮೆ ಬರೋದೇ ಆ ಮಳೆಗಾಲದ ಬಾಲದಲ್ಲಿ. ಪಗುಮೆ 3 ದೇವದೂತ ರುಫಾಯೆಲ್‌ನ ಹಬ್ಬ. ಅವತ್ತು ಬೀಳೋ ಮಳೆ ಪವಿತ್ರ ಅಂತ ಮಕ್ಕಳು ಬೇಕಂತಲೇ ನೆನೆಯುತ್ತಾರೆ.

ಪಗುಮೆ ಮುಗಿದ ಮರುದಿನ ಮೆಸ್ಕೆರೆಮ್ 1, ಅಂದರೆ ಹೊಸ ವರ್ಷ. ಹಬ್ಬದ ಹೆಸರು ಎಂಕುತಾತಾಷ್. ನಮ್ಮ ಕ್ಯಾಲೆಂಡರಿನಲ್ಲಿ ಅದು ಸೆಪ್ಟೆಂಬರ್ 11. ಪಗುಮೆಗೆ ಆರು ದಿನ ಬಂದ ವರ್ಷ ಮಾತ್ರ ಸೆಪ್ಟೆಂಬರ್ 12. 2007 ಅಂಥದ್ದೇ ವರ್ಷ. ಮಳೆ ನಿಂತು ಬೆಟ್ಟಗುಡ್ಡಗಳ ತುಂಬ ಆದೆಯ್ ಅಬೆಬಾ ಅನ್ನೋ ಹಳದಿ ಹೂವು ಅರಳೋ ಕಾಲ. ಹುಡುಗಿಯರು ಬಿಳಿ ಬಟ್ಟೆ ತೊಟ್ಟು, ಆ ಹೂವಿನ ಗೊಂಚಲು ಹಿಡಿದು, ಮನೆಮನೆಗೆ ಹೋಗಿ ಹಾಡುತ್ತಾರೆ. ಜನವರಿ ಒಂದಕ್ಕೆ ಹೊರಗೆ ಏನೂ ಬದಲಾಗಿರಲ್ಲ. ಇಲ್ಲಿ ಕಿಟಕಿ ತೆಗೆದರೆ ವರ್ಷ ಬದಲಾಗಿದ್ದು ಕಣ್ಣಿಗೇ ಕಾಣುತ್ತದೆ.

ಅಬೆಬಾ ಅಂದರೆ ಹೂವು. ಅಡಿಸ್ ಅಂದರೆ ಹೊಸ. ಹಾಗಾಗಿ ಅಡಿಸ್ ಅಬಾಬಾ ಅಂದರೆ ಹೊಸ ಹೂವು. 1886ರಲ್ಲಿ ಊರು ಹುಟ್ಟಿದಾಗ ರಾಣಿ ತಾಯ್ತು ಇಟ್ಟ ಹೆಸರು. ಈ 'ಅಬೆಬಾ'ವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಈಗ ಆ ಏಳು ವರ್ಷದ ವಿಷಯ. ಕ್ರಿಸ್ತಶಕ ಅಂದರೆ ಕ್ರಿಸ್ತನಿಂದ ಎಣಿಸಿದ್ದು. ಆದರೆ ಕ್ರಿಸ್ತ ಹುಟ್ಟಿದಾಗ ಯಾರೂ 'ಇದು ಒಂದನೇ ಇಸವಿ' ಅಂತ ಬರೆದಿಡಲಿಲ್ಲ. ನೂರಾರು ವರ್ಷ ಕಳೆದ ಮೇಲೆ ಸನ್ಯಾಸಿಗಳು ಕೂತು ಹಿಂದಕ್ಕೆ ಲೆಕ್ಕ ಹಾಕಿದರು. ಐದನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಅನ್ನಿಯಾನಸ್ ಒಂದು ಲೆಕ್ಕ ಹಾಕಿದ. ಸೃಷ್ಟಿಯಾಗಿ 5500 ವರ್ಷಕ್ಕೆ ಕ್ರಿಸ್ತನ ಕಾಲ ಅಂತ ಅವನ ಎಣಿಕೆ. 525ರಲ್ಲಿ ರೋಮ್‌ನಲ್ಲಿ ಡಯೊನಿಸಿಯಸ್ ಎಂಬ ಇನ್ನೊಬ್ಬ ಸನ್ಯಾಸಿ ತನ್ನದೇ ಲೆಕ್ಕ ಹಾಕಿದ. ಎರಡಕ್ಕೂ ಏಳೆಂಟು ವರ್ಷದ ಅಂತರ ಬಂತು. ಯುರೋಪು ಡಯೊನಿಸಿಯಸ್‌ನದನ್ನು ಹಿಡಿಯಿತು. ಇಥಿಯೋಪಿಯಾದ ಚರ್ಚಿಗೆ ಆಗ ಗುರುಪೀಠ ಅಲೆಕ್ಸಾಂಡ್ರಿಯಾ ಆಗಿತ್ತು, ಹಾಗಾಗಿ ಅದು ಅನ್ನಿಯಾನಸ್‌ನದನ್ನು ಉಳಿಸಿಕೊಂಡಿತು. ತಮಾಷೆ ಅಂದರೆ, ಈಗಿನ ಬಹುಪಾಲು ಇತಿಹಾಸಕಾರರ ಪ್ರಕಾರ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವ 6 ಮತ್ತು 4ರ ನಡುವೆ. ಅಂದರೆ ಇಬ್ಬರ ಲೆಕ್ಕವೂ ತಪ್ಪು! ನಾವೆಲ್ಲ ದಿನಾ ಬರೆಯೋದು ಹೆಚ್ಚು ಜನ ಒಪ್ಪಿದ ತಪ್ಪನ್ನು.

ಅಂತರ ಒಮ್ಮೆ ಏಳು, ಒಮ್ಮೆ ಎಂಟು ಆಗೋದು ಯಾಕೆ? ಹೊಸ ವರ್ಷ ಬೇರೆ ಬೇರೆ ದಿನ ಬರೋದ್ರಿಂದ. 2025ರ ಸೆಪ್ಟೆಂಬರ್ 11ಕ್ಕೆ ಅಲ್ಲಿ 2018 ಶುರುವಾಯಿತು, ಅಂತರ ಏಳು. ಜನವರಿಯಲ್ಲಿ ನಾವು 2026ಕ್ಕೆ ಬಂದೆವು, ಅವರು 2018ರಲ್ಲೇ ಇದ್ದರು, ಅಂತರ ಎಂಟು. ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಏಳು ಕಳೆಯಬೇಕು, ಉಳಿದ ಕಾಲದಲ್ಲಿ ಎಂಟು. ಇಷ್ಟೇ.

ಇನ್ನೊಂದು ಸಣ್ಣ ವ್ಯತ್ಯಾಸ ಇದೆ. 1582ರಲ್ಲಿ ಪೋಪ್ 13ನೇ ಗ್ರೆಗರಿ ಅಧಿಕ ವರ್ಷದ ನಿಯಮ ತಿದ್ದಿದ. 1900, 2100ರಂಥ ಶತಮಾನದ ವರ್ಷಗಳಿಗೆ ಫೆಬ್ರುವರಿ 29 ಇಲ್ಲ ಅಂತ. ಇಥಿಯೋಪಿಯಾ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಾಲ್ಕು ವರ್ಷಕ್ಕೊಂದು ದಿನ, ಮುಗೀತು. ಹಾಗಾಗಿ 2100ರಿಂದ ಅವರ ಹೊಸ ವರ್ಷ ನಮ್ಮ ಕ್ಯಾಲೆಂಡರಿನಲ್ಲಿ ಒಂದು ದಿನ ಮುಂದಕ್ಕೆ ಸರಿಯುತ್ತದೆ. ನಾಲ್ಕು ವರ್ಷದ ಆ ಸುತ್ತಿನಲ್ಲಿ ಒಂದೊಂದು ವರ್ಷಕ್ಕೂ ಹೆಸರಿದೆ: ಮತ್ತಾಯ, ಮಾರ್ಕ, ಲೂಕ, ಯೋಹಾನ. ಬೈಬಲಿನ ನಾಲ್ಕು ಸುವಾರ್ತೆ ಬರೆದವರು. ಆರು ದಿನದ ಪಗುಮೆ ಬರೋದು ಲೂಕನ ವರ್ಷದ ಕೊನೆಗೆ.

ಹನ್ನೆರಡು ತಿಂಗಳಿಗೂ 30 ದಿನ ಇರೋದ್ರಿಂದ ಒಂದು ಅನುಕೂಲ ಇದೆ. ತಿಂಗಳ ಒಂದೊಂದು ತಾರೀಕು ಒಬ್ಬೊಬ್ಬ ಸಂತರಿಗೆ ಮೀಸಲು. 12 ಮಿಕಾಯೆಲ್‌ನದು, 19 ಗೇಬ್ರಿಯೆಲ್‌ನದು, 21 ಮರಿಯಮ್ಮನದು, 23 ಜಾರ್ಜ್‌ನದು, ಅವರ ಬಾಯಲ್ಲಿ ಗಿಯೊರ್ಗಿಸ್. ಯಾವ ತಿಂಗಳೇ ಇರಲಿ, 12 ಅಂದರೆ ಮಿಕಾಯೆಲ್. ಆರ್ಥೊಡಾಕ್ಸ್ ಕ್ರೈಸ್ತರ ಮನೆಗಳಲ್ಲಿ ತಾರೀಕಿನ ಬದಲು ಸಂತರ ಹೆಸರೇ ಸಾಕು: 'ಮಿಕಾಯೆಲ್‌ಗೆ ಸಿಗೋಣ' ಅಂದರೆ ಹನ್ನೆರಡಕ್ಕೆ ಅಂತ ಎಲ್ಲರಿಗೂ ಗೊತ್ತು. ಒಬ್ಬ ಸಂತರ ಹೆಸರಲ್ಲಿ ನೆಂಟರು, ಗೆಳೆಯರು ಸೇರಿ ಮಹಬೆರ್ ಅನ್ನೋ ಕೂಟ ಕಟ್ಟಿಕೊಳ್ಳುತ್ತಾರೆ. ಪ್ರತಿ ತಿಂಗಳು ಆ ತಾರೀಕಿಗೆ ಒಬ್ಬೊಬ್ಬರ ಮನೆಯಲ್ಲಿ ಊಟ. ಹಣದ ಕೂಟವೂ ಇದೆ, ಹೆಸರು ಇಕುಬ್. ಎಲ್ಲರೂ ಇಷ್ಟಿಷ್ಟು ಬಿರ್ ಹಾಕೋದು, ಸರದಿಯ ಮೇಲೆ ಒಬ್ಬರು ಒಟ್ಟು ಮೊತ್ತ ಎತ್ತೋದು. ನಮ್ಮ ಚೀಟಿಯೇ ಅನ್ನಿ.

ಇನ್ನು ಗಂಟೆ. ಹೊರಗಿನಿಂದ ಹೋದವರು ನಿಜವಾಗಿ ಎಡವೋದು ಇಲ್ಲಿ.

ಅಡಿಸ್ ಅಬಾಬಾದಲ್ಲಿ ಯಾರೋ ನಿಮಗೆ 'ನಾಳೆ ಬೆಳಗ್ಗೆ ಮೂರು ಗಂಟೆಗೆ ಬನ್ನಿ' ಅಂದರು ಅಂದುಕೊಳ್ಳಿ. ಗಾಬರಿಯಾಗಿ ಅಲಾರಂ ಇಡಬೇಡಿ. ಅವರು ಕರೆದಿದ್ದು ನಮ್ಮ ಒಂಬತ್ತು ಗಂಟೆಗೆ. ಅಲ್ಲಿ ದಿನದ ಎಣಿಕೆ ಶುರುವಾಗೋದು ಬೆಳಕು ಹರಿದಾಗ, ನಡುರಾತ್ರಿಯಲ್ಲಿ ಅಲ್ಲ. ಸೂರ್ಯ ಹುಟ್ಟಿ ಒಂದು ಗಂಟೆ ಆದಾಗ, ಅಂದರೆ ನಮ್ಮ ಏಳಕ್ಕೆ, ಒಂದು ಗಂಟೆ. ನಡುಮಧ್ಯಾಹ್ನ ಆರು. ಸಂಜೆ ಆರಕ್ಕೆ ಹನ್ನೆರಡು. ಅಲ್ಲಿಗೆ ಹಗಲಿನ ಖಾತೆ ಮುಗಿಯಿತು. ರಾತ್ರಿಯ ಖಾತೆ ಮತ್ತೆ ಒಂದರಿಂದ. ಪಂಚಾಂಗದಲ್ಲಿ ಸೂರ್ಯೋದಯದಿಂದ ಘಳಿಗೆ ಎಣಿಸುತ್ತಾರಲ್ಲ, ಆ ಕ್ರಮ ಗೊತ್ತಿರೋರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಇದು ನಡೆಯೋಕೆ ಭೂಗೋಳವೇ ಕಾರಣ. ದೇಶ ಇರೋದು ಭೂಮಧ್ಯರೇಖೆಗೆ ಹತ್ತಿರ, ಉತ್ತರಕ್ಕೆ ಸುಮಾರು 3ರಿಂದ 15 ಡಿಗ್ರಿ ಒಳಗೆ. ಅಲ್ಲಿ ವರ್ಷವಿಡೀ ಹಗಲು ಹನ್ನೆರಡು ಗಂಟೆಯ ಆಸುಪಾಸು. ಅಡಿಸ್ ಅಬಾಬಾದಲ್ಲಿ ಸೂರ್ಯ ಹುಟ್ಟೋದು ಯಾವಾಗಲೂ ಆರು ಮತ್ತು ಏಳರ ನಡುವೆ. ಹಾಗಾಗಿ ಸೂರ್ಯನನ್ನೇ ಗಡಿಯಾರ ಮಾಡಿಕೊಂಡರೂ ಲೆಕ್ಕ ತಪ್ಪಲ್ಲ. ನಾರ್ವೆಯಲ್ಲಿ ಇದನ್ನು ಮಾಡೋಕೆ ಹೋದರೆ ಬೇಸಿಗೆಯಲ್ಲಿ ಒಂದು ಲೆಕ್ಕ, ಚಳಿಗಾಲದಲ್ಲಿ ಇನ್ನೊಂದು ಲೆಕ್ಕ ಆಗಿಬಿಡುತ್ತದೆ. ಪೂರ್ವ ಆಫ್ರಿಕಾದಲ್ಲಿ ಸ್ವಾಹಿಲಿ ಮಾತಾಡೋರೂ ಗಂಟೆ ಹೇಳೋದು ಹೀಗೇ.

ಬದಲಿಸಿಕೊಳ್ಳೋಕೆ ಒಂದು ಸುಲಭ ಉಪಾಯ ಇದೆ. ಮುಳ್ಳಿನ ಗಡಿಯಾರದಲ್ಲಿ ಗಂಟೆಯ ಮುಳ್ಳು ಎಲ್ಲಿದೆಯೋ ಅದರ ಎದುರಿನ ಅಂಕಿ ಓದಿ. 9ರ ಎದುರು 3. 7ರ ಎದುರು 1. 12ರ ಎದುರು 6. ನಿಮಿಷ ಹಾಗೇ ಇರಲಿ. ಅಪಾಯ ಇರೋದು ಬಸ್ಸಿನ ವಿಷಯದಲ್ಲಿ. ದೂರದ ಊರಿನ ಬಸ್ಸುಗಳು ಬೆಳಕು ಹರಿಯೋ ಮೊದಲೇ ಹೊರಡೋದು ಹೆಚ್ಚು. 'ಹನ್ನೊಂದಕ್ಕೆ ಬಸ್ಸು' ಅಂದರೆ ಅದು ಬೆಳಗಿನ ಜಾವದ ಐದು. ನಿಧಾನಕ್ಕೆ ತಿಂಡಿ ತಿಂದು ನಮ್ಮ ಹನ್ನೊಂದಕ್ಕೆ ಹೋದರೆ ಬಸ್ಸು ಆರು ಗಂಟೆ ಮುಂದಿರುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಮಾತ್ರ ನಮ್ಮೆಲ್ಲರ ಗಂಟೆಯೇ. ಅದಕ್ಕೇ ಸಮಯ ಗೊತ್ತು ಮಾಡುವಾಗ ಅಲ್ಲಿನವರೇ 'ಹಬೆಶಾ ಲೆಕ್ಕವೋ, ಫೆರೆಂಜಿ ಲೆಕ್ಕವೋ' ಅಂತ ಕೇಳಿಬಿಡುತ್ತಾರೆ. ಹಬೆಶಾ ಅಂದರೆ ಅಲ್ಲಿನವರು, ಫೆರೆಂಜಿ ಅಂದರೆ ಹೊರಗಿನವರು. ನಮ್ಮ 'ಫರಂಗಿ'ಯ ಅಣ್ಣನೋ ತಮ್ಮನೋ.

ಇಷ್ಟೆಲ್ಲ ಹೇಗೆ ಉಳಿಯಿತು? ಜಪಾನ್, ಚೀನಾ, ರಷ್ಯಾದಂಥ ದೇಶಗಳೇ ಒಂದೊಂದಾಗಿ ಗ್ರೆಗರಿಯ ಕ್ಯಾಲೆಂಡರಿಗೆ ಬಂದುಬಿಟ್ಟವು. ಇಥಿಯೋಪಿಯಾ ಬರಲಿಲ್ಲ. ಒಂದು ಕಾರಣ ಚರ್ಚು. ನಾಲ್ಕನೇ ಶತಮಾನದಲ್ಲಿ ಅಲ್ಲಿನ ಪ್ರಾಚೀನ ರಾಜ್ಯ ಅಕ್ಸುಮ್‌ನ ರಾಜ ಎಝಾನಾ ಕ್ರೈಸ್ತನಾದಾಗಿನಿಂದ ಅದು ಗಟ್ಟಿಯಾಗಿ ಬೇರೂರಿದೆ. ಇನ್ನೊಂದು ಕಾರಣ, 'ನಿಮ್ಮ ಲೆಕ್ಕ ಬಿಡಿ, ನಮ್ಮದು ಹಿಡಿಯಿರಿ' ಅಂತ ಬಲವಂತ ಮಾಡೋ ವಸಾಹತು ಸರ್ಕಾರ ಅಲ್ಲಿ ನೆಲೆ ನಿಲ್ಲಲೇ ಇಲ್ಲ. ನಿಲ್ಲಲು ನೋಡಿದ್ದು ಇಟಲಿ. ಆ ಕಥೆಯೂ ಒಂದು ಪದದ ಲೆಕ್ಕಾಚಾರದಿಂದಲೇ ಶುರುವಾಗೋದು.

1889ರಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್ ಇಟಲಿಯ ಜೊತೆ ವುಚಾಲೆ ಎಂಬಲ್ಲಿ ಒಪ್ಪಂದ ಮಾಡಿಕೊಂಡ. ಒಪ್ಪಂದ ಎರಡು ಭಾಷೆಯಲ್ಲಿತ್ತು. ಅದರ 17ನೇ ಕಲಮಿನ ಅಮ್ಹಾರಿಕ್ ಪ್ರತಿಯಲ್ಲಿ, ಬೇರೆ ದೇಶಗಳ ಜೊತೆಗಿನ ವ್ಯವಹಾರಕ್ಕೆ ಇಥಿಯೋಪಿಯಾ ಬೇಕಾದರೆ ಇಟಲಿಯ ನೆರವು ಪಡೆಯಬಹುದು ಅಂತಿತ್ತು. ಇಟಾಲಿಯನ್ ಪ್ರತಿಯಲ್ಲಿ ಇಟಲಿಯ ಮೂಲಕವೇ ವ್ಯವಹರಿಸಬೇಕು ಅಂತಾಗಿತ್ತು. 'ಬಹುದು' ಮತ್ತು 'ಬೇಕು', ಇಷ್ಟೇ ವ್ಯತ್ಯಾಸ. 'ಬೇಕು' ಹಿಡಿದುಕೊಂಡು ಇಟಲಿ 'ಇಥಿಯೋಪಿಯಾ ನಮ್ಮ ರಕ್ಷಣೆಯಲ್ಲಿದೆ' ಅಂತ ಯುರೋಪಿಗೆಲ್ಲ ಸಾರಿತು. ಮೆನೆಲಿಕ್ ಒಪ್ಪಂದವನ್ನೇ ಕಿತ್ತುಹಾಕಿದ. 1896ರ ಮಾರ್ಚ್ 1ರಂದು ಅದ್ವಾ ಎಂಬಲ್ಲಿ ಯುದ್ಧವಾಯಿತು. ಇಟಲಿಯ ಸೈನ್ಯ ಸೋತು ಚದುರಿತು. ಅವರ ಲೆಕ್ಕದಲ್ಲಿ ಅದು 1888ರ ಯೆಕಾತಿತ್ 23. 23 ಅಂದರೆ ಯಾರು? ಗಿಯೊರ್ಗಿಸ್. ಯುದ್ಧಕ್ಕೆ ಹೊರಟ ಸೈನ್ಯದ ಜೊತೆ ಆ ಸಂತನ ಪವಿತ್ರ ಪೀಠವನ್ನೂ ಹೊತ್ತು ತಂದಿದ್ದರು. ತಾರೀಕು ಕೇಳಿದ ಕೂಡಲೇ ಗೆದ್ದಿದ್ದು ಯಾಕೆ ಅಂತ ಭಕ್ತರಿಗೆ ಹೊಳೆದುಬಿಡುತ್ತದೆ.

ಮುಂದೆ 1936ರಿಂದ 1941ರ ತನಕ ಮುಸ್ಸೊಲಿನಿಯ ಇಟಲಿ ಆಕ್ರಮಿಸಿ ಕೂತಿದ್ದು ನಿಜ. ಆದರೆ ಐದು ವರ್ಷದಲ್ಲಿ ಜನರ ತಾರೀಕು ಬದಲಾಗಲ್ಲ.

ಹೆಸರಿನ ವಿಷಯಕ್ಕೆ ಬಂದರೆ ನಮಗೆ ಅಷ್ಟು ವಿವರಣೆಯೇ ಬೇಡ. ಅಪ್ಪನ ಹೆಸರನ್ನು ಇನ್ಷಿಯಲ್ ಮಾಡಿಕೊಂಡು ಬೆಳೆದ ಎಷ್ಟೋ ಜನ 'ಸರ್‌ನೇಮ್' ಅನ್ನೋ ಖಾಲಿ ಜಾಗ ಕಂಡು ಪೆನ್ನು ಕಚ್ಚಿದ್ದಾರೆ. ಇಥಿಯೋಪಿಯಾದವರದೂ ಅದೇ ಪಾಡು. ಅಲ್ಲಿ ಮನೆತನದ ಹೆಸರೇ ಇಲ್ಲ. ಮೊದಲು ನಿಮ್ಮ ಹೆಸರು, ಆಮೇಲೆ ಅಪ್ಪನದು, ಬೇಕಾದರೆ ಅಜ್ಜನದು. ಓಟಗಾರ ಹೈಲೆ ಗೆಬ್ರೆಸೆಲಾಸಿಯನ್ನು ಜಗತ್ತಿನ ಪತ್ರಿಕೆಗಳು 'ಗೆಬ್ರೆಸೆಲಾಸಿ ಗೆದ್ದ' ಅಂತ ಬರೆದವು. ಅಂದರೆ ಮಗ ಓಡಿದ್ದಕ್ಕೆ ಹೆಸರು ಬಂದಿದ್ದು ಅಪ್ಪನಿಗೆ! ಅವರ ಊರಿನಲ್ಲಿ ಅವರು ಬರೀ ಹೈಲೆ. ಪ್ರಧಾನಿ ಅಬಿಯ್ ಅಹ್ಮದ್ ಕೂಡ ಡಾಕ್ಟರ್ ಅಬಿಯ್, ಡಾಕ್ಟರ್ ಅಹ್ಮದ್ ಅಲ್ಲ. ಗಂಡಸಿಗೆ ಗೌರವಕ್ಕೆ ಮುಂದೆ 'ಅತೊ' ಸೇರಿಸುತ್ತಾರೆ, ಮದುವೆಯಾದ ಹೆಂಗಸಿಗೆ 'ವೆಯ್ಜೆರೊ'. ಎರಡೂ ಸೇರೋದು ಅವರವರ ಸ್ವಂತ ಹೆಸರಿಗೆ. ಮದುವೆಯಾದರೆ ಹೆಣ್ಣಿನ ಹೆಸರು ಬದಲಾಗಲ್ಲ. ಬದಲಾಗೋದಾದರೂ ಹೇಗೆ? ಅಪ್ಪ ಬದಲಾಗಿಲ್ಲವಲ್ಲ.

ಒಲಿಂಪಿಕ್ ಪದಕ ಗೆದ್ದ ಮೂವರು ಅಕ್ಕತಂಗಿಯರಿದ್ದಾರೆ: ಎಜೆಗಯೆಹು, ತಿರುನೆಶ್, ಗೆಂಜೆಬೆ. ಮೂವರಿಗೂ ಕೊನೆಯಲ್ಲಿ ದಿಬಾಬಾ. ನೋಡೋರಿಗೆ ಮನೆತನದ ಹೆಸರು ಅನ್ನಿಸುತ್ತದೆ. ದಿಬಾಬಾ ಅವರ ಅಪ್ಪ, ಅಷ್ಟೇ. ಅವರ ಮಕ್ಕಳಿಗೆ ಬರೋದು ಆ ಮಕ್ಕಳ ಅಪ್ಪನ ಹೆಸರು. ಹೀಗೆ ಹೆಸರು ಪ್ರತಿ ತಲೆಮಾರಿಗೂ ಒಂದು ಮೆಟ್ಟಿಲು ಇಳಿಯುತ್ತದೆ.

ಅಕ್ಷರದಲ್ಲಿ ನಮಗೂ ಅವರಿಗೂ ಇನ್ನೊಂದು ಹೋಲಿಕೆ ಇದೆ. ಕನ್ನಡ ಓದಿದವರಿಗೆ ಖುಷಿ ಕೊಡೋ ಸಂಗತಿ. ಅಮ್ಹಾರಿಕ್ ಭಾಷೆ ಅರಬ್ಬಿ, ಹೀಬ್ರೂಗಳ ಸಂಬಂಧಿ. ಆದರೆ ಅವುಗಳ ಹಾಗೆ ಬಲದಿಂದ ಎಡಕ್ಕೆ ಬರೆಯಲ್ಲ, ಎಡದಿಂದ ಬಲಕ್ಕೆ ಬರೆಯುತ್ತಾರೆ. ಸ್ವರವನ್ನು ಬಿಟ್ಟು ಬರೆಯೋದೂ ಇಲ್ಲ. ಲಿಪಿಯ ಹೆಸರು ಫಿದೆಲ್. ಅದರಲ್ಲಿ ಕಾಗುಣಿತ ಇದೆ! ಒಂದೊಂದು ವ್ಯಂಜನಕ್ಕೆ ಏಳು ರೂಪ: ಬೆ, ಬು, ಬಿ, ಬಾ, ಬೇ, ಬ್, ಬೊ. ಹೀಗೆ 33 ಮೂಲಾಕ್ಷರಕ್ಕೆ ಏಳೇಳು, ಒಟ್ಟು 231. ಶಾಲೆಯಲ್ಲಿ ದೊಡ್ಡ ಹಾಳೆಯ ಮೇಲೆ ಸಾಲುಸಾಲಾಗಿ ಬರೆದು ಮಕ್ಕಳಿಂದ ರಾಗವಾಗಿ ಹೇಳಿಸುತ್ತಾರೆ. ವಾಕ್ಯದಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ. ಈ ಸ್ವರದ ಗುರುತುಗಳು ಭಾರತದ ಜೊತೆಗಿನ ವ್ಯಾಪಾರದಿಂದ ಹೋಗಿರಬಹುದೇ ಅನ್ನೋ ವಾದವೂ ಇದೆ. ಅಲ್ಲಿನ ದೆಬ್ರೆ ದಾಮೊ ಮಠದ ಹತ್ತಿರ ಕುಶಾನರ ಚಿನ್ನದ ನಾಣ್ಯಗಳು ಸಿಕ್ಕಿವೆ, ವ್ಯಾಪಾರ ಇದ್ದದ್ದಂತೂ ನಿಜ. ಆದರೆ ನಾಣ್ಯ ಹೋಯಿತು ಅಂತ ಕಾಗುಣಿತವೂ ಹೋಯಿತು ಅನ್ನೋಕೆ ಆಗಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. 'ಇಥಿಯೋಪಿಯಾದವರು' ಅಂತ ನಾನು ಸಲೀಸಾಗಿ ಬರೆಯುತ್ತಿದ್ದೇನೆ. ಆದರೆ ಅಲ್ಲಿ 80ಕ್ಕೂ ಹೆಚ್ಚು ಭಾಷೆಗಳಿವೆ. 2007ರ ಜನಗಣತಿಯ ಪ್ರಕಾರ ಮೂರರಲ್ಲಿ ಒಂದು ಪಾಲು ಮುಸ್ಲಿಮರು. ಅತಿ ದೊಡ್ಡ ಜನಾಂಗ ಒರೊಮೊ. ಅವರ ಭಾಷೆಗೆ ಈಗ ಬಳಸೋದು ರೋಮನ್ ಅಕ್ಷರ, ಫಿದೆಲ್ ಅಲ್ಲ. ಅಮ್ಹಾರಿಕ್ ತಮ್ಮ ಮೇಲೆ ಹೇರಿದ್ದು ಅನ್ನೋ ನೋವು ಅವರಲ್ಲಿ ಹಳೆಯದು. ಅವರ ಗಡಾ ಪದ್ಧತಿಯಲ್ಲಿ ಎಂಟು ವರ್ಷಕ್ಕೊಮ್ಮೆ ಅಧಿಕಾರ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ. 2016ರಲ್ಲಿ ಯುನೆಸ್ಕೊ ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಸಿದಾಮಾ ಜನರ ಹೊಸ ವರ್ಷವಂತೂ ಮೆಸ್ಕೆರೆಮ್‌ಗೆ ಕಾಯೋದೇ ಇಲ್ಲ. ನಕ್ಷತ್ರ ನೋಡೋ ಹಿರಿಯರು ಆಕಾಶ ಗಮನಿಸಿ ದಿನ ಹೇಳುತ್ತಾರೆ. ಬೇರೆ ಲೆಕ್ಕದ ದೇಶದೊಳಗೇ ಇನ್ನೂ ಎಷ್ಟೋ ಲೆಕ್ಕಗಳು.

ಕಾಫಿಗೂ ಎಣಿಕೆ ಉಂಟು. ಅರೇಬಿಕಾ ಗಿಡದ ತವರು ಆ ದೇಶದ ನೈರುತ್ಯದ ಕಾಡು. ಕಾಫಿಗೆ ಅಲ್ಲಿ ಬುನಾ ಅಂತಾರೆ. ಹಸಿ ಬೀಜವನ್ನು ಅತಿಥಿಯ ಎದುರೇ ಹುರಿದು, ಹೊಗೆಯನ್ನು ಮೂಗಿನ ಹತ್ತಿರ ತಂದು, ಕುಟ್ಟಿ, ಜೆಬೆನಾ ಅನ್ನೋ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಮೂರು ಸುತ್ತು ಕೊಡುತ್ತಾರೆ: ಅಬೊಲ್, ತೊನಾ, ಬರಕಾ. ಪುಡಿ ಅದೇ, ನೀರು ಮಾತ್ರ ಹೊಸದು. ಮೂರನೆಯದು ತೆಳ್ಳಗಿರುತ್ತದೆ, ಆದರೆ ಬರಕಾ ಅಂದರೆ ಆಶೀರ್ವಾದ. ಒಂದೇ ಕುಡಿದು ಎದ್ದರೆ ಮನೆಯವರಿಗೆ ಬೇಜಾರು.

ಕೊನೆಗೆ, ಇಲ್ಲಿ ತನಕ ಕಲಿತ ಲೆಕ್ಕವನ್ನೆಲ್ಲ ಒಂದು ಕಡೆ ಹಾಕಿ ನೋಡೋಣ. 1960ರ ಸೆಪ್ಟೆಂಬರ್ 10, ರೋಮ್ ಒಲಿಂಪಿಕ್ಸ್. ಮ್ಯಾರಥಾನ್ ಶುರುವಾಗಿದ್ದೇ ಸಂಜೆ. ಯಾರಿಗೂ ಪರಿಚಯವಿಲ್ಲದ ಇಥಿಯೋಪಿಯಾದ ಸೈನಿಕನೊಬ್ಬ ಬರಿಗಾಲಲ್ಲಿ ಓಡುತ್ತಿದ್ದ. ಓಟದ ದಾರಿ ಅಕ್ಸುಮ್‌ನ ಸ್ತಂಭದ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆಕ್ರಮಣದ ಕಾಲದಲ್ಲಿ ಇಟಲಿ ಆ ದೇಶದಿಂದಲೇ ಕಿತ್ತು ತಂದಿದ್ದ ಸ್ತಂಭ ಅದು. 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಅವನು ಪಂಜಿನ ಬೆಳಕಿನಲ್ಲಿ ಗುರಿ ಮುಟ್ಟಿದ. ಮರುದಿನ ಜಗತ್ತು ಓದಿದ ಹೆಸರು ಬಿಕಿಲಾ. ಅದು ಅವನ ಅಪ್ಪನದು. ಅವನ ಹೆಸರು ಅಬೆಬೆ. ಅಬೆಬಾದ ನೆಂಟ ಪದ, 'ಅರಳಿದ' ಅಂತ ಅರ್ಥ.

ರೋಮ್‌ನಲ್ಲಿ ಆಗ ರಾತ್ರಿ ಏಳೂಮುಕ್ಕಾಲರ ಹೊತ್ತು. ಅಡಿಸ್ ಅಬಾಬಾ ಎರಡು ಗಂಟೆ ಮುಂದೆ, ಅಂದರೆ ಒಂಬತ್ತೂಮುಕ್ಕಾಲು. ಎದುರಿನ ಅಂಕಿ ಓದಿ: ಅಲ್ಲಿನವರಿಗೆ ರಾತ್ರಿ ಮೂರೂಮುಕ್ಕಾಲು. ತಾರೀಕು 1952ರ ಪಗುಮೆ 5, ವರ್ಷದ ಕಟ್ಟಕಡೆಯ ದಿನ. ಬೆಳಗಾದರೆ ಮೆಸ್ಕೆರೆಮ್ 1, ಹಳದಿ ಹೂವು ಹಿಡಿದ ಹುಡುಗಿಯರು ಬೀದಿಗೆ ಬರೋ ದಿನ.